ಹದಿನಾಲ್ಕನೇ ಕ್ಲೇಮು

ಪೂರ್ವ ಟೆಕ್ಸಸ್ಸಿನ ನಮ್ಮ ಕೋರ್ಟಿಗೆ
ದೂರದ ವಕೀಲರು ವಿಮಾನ ಹತ್ತಿ ಬರುತ್ತಾರೆ,
ಧೂಳು ಕಾಣದ ಬೂಟು ತೊಟ್ಟು.
ಮಧ್ಯಾಹ್ನ ಕರಿದ ಮೀನು ತಿಂದು
‘ಭಲೇ ರುಚಿ’ ಅನ್ನುತ್ತಾರೆ,
ನಮ್ಮ ಕಿವಿಗೆ ಬೀಳುವಷ್ಟು ಜೋರಾಗಿ.

ನಾನು ವರ್ಲೀನ್ ಟಬ್ಸ್. ಜ್ಯೂರಿಯ ಐದನೇ ಕುರ್ಚಿ.
ಈ ತಂತ್ರಜ್ಞಾನದ ಅನುಭವ ಉಂಟೇ ಎಂದರು ಮೊದಲ ದಿನ.
ಇಲ್ಲ ಸ್ವಾಮಿ, ಅಂದೆ.
ಮೂವತ್ತೊಂದು ವರ್ಷ ದಿನಸಿ ಅಂಗಡಿಯ ಗಲ್ಲಾದಲ್ಲಿ ನಿಂತವಳು,
ಮೊಣಕಾಲು ಮಾತ್ರ ಇನ್ನೂ ಆ ಲೆಕ್ಕ ಇಟ್ಟಿದೆ.

ಪರದೆಯ ಮೇಲೆ ಕ್ಲೇಮು ಹದಿನಾಲ್ಕು:
ಗ್ರಾಹಕ ಕಾರ್ಡು ಉಜ್ಜಿದೊಡನೆ ಅವನನ್ನು ಗುರುತಿಸಿ,
ಹಿಂದೆ ಕೊಂಡದ್ದನ್ನು ನೆನೆದು,
ಮುಂದೆ ಬೇಕಾಗುವುದನ್ನು ಊಹಿಸುವ ವಿಧಾನ.
ಇದು ನಮ್ಮ ಸ್ವತ್ತು, ಅನ್ನುತ್ತದೆ ಒಂದು ಕಂಪನಿ.
ಅದಕ್ಕೆ ಅಂಗಡಿಯಿಲ್ಲ, ಗಿರಾಕಿಯಿಲ್ಲ;
ಹಲ್ಲಿನ ಡಾಕ್ಟರ ಮಹಡಿಯಲ್ಲಿ ಬೀಗ ಜಡಿದ ಕೋಣೆ,
ಬಾಗಿಲಿಗೊಂದು ಫಲಕ.
ನಮ್ಮ ವಿಧಾನವೇ ಬೇರೆ, ಅನ್ನುತ್ತದೆ
ಸಾವಿರ ಅಂಗಡಿಗಳ ಇನ್ನೊಂದು.
ನಡುವೆ ನಲವತ್ತು ಮಿಲಿಯನ್ ಡಾಲರು.

ಆರ್ವಿಲ್ ಸ್ಟ್ರಿಕ್‌ಲಿನ್ ಬುಧವಾರ ಬರುತ್ತಿದ್ದ.
ಕಾಫಿ ಪುಡಿ, ಬೇಟೆನಾಯಿಗೆ ಮೂಳೆ,
ಹೆಂಡತಿಗೆ ಸಕ್ಕರೆಯಿಲ್ಲದ ಬಿಸ್ಕತ್ತು.
ಒಂದು ಬುಧವಾರ ಬಿಸ್ಕತ್ತು ಇರಲಿಲ್ಲ.
ನಾನೇನೂ ಕೇಳಲಿಲ್ಲ.
ಚಿಲ್ಲರೆ ಕೊಡುತ್ತಾ ಅವನ ಅಂಗೈಯಲ್ಲಿ
ನನ್ನ ಬೆರಳು ಒಂದು ಗಳಿಗೆ ನಿಂತವು, ಅಷ್ಟೆ.
ಮೂರು ತಿಂಗಳಿಗೆ ಮತ್ತೆ ಬಂತು ಅದೇ ಪೊಟ್ಟಣ.
‘ಕೈ ಹೋಯಿತು’ ಅಂದ.
ಅದನ್ನು ಯಂತ್ರಕ್ಕೆ ಹೊಡೆಯಲಿಲ್ಲ,
ನನ್ನ ಪರ್ಸಿನಿಂದ ಹಾಕಿದೆ.

ಪಾದ್ರಿಯ ಹೆಂಡತಿ
ವಾರಕ್ಕೆ ನಾಲ್ಕು ಶೀಶೆ ವೆನಿಲಾ ಎಸೆನ್ಸು.
ಹೆಂಡ ಮಾರದ ಜಿಲ್ಲೆ ನಮ್ಮದು.
ಕೇಕು ಜೋರೇನಮ್ಮಾ ಎಂದು ಕೇಳಿದವಳಲ್ಲ ನಾನು;
ಶೀಶೆಗಳನ್ನು ಚೀಲದ ತಳಕ್ಕಿಟ್ಟು
ಮೇಲೆ ಬ್ರೆಡ್ಡು ಹೊದಿಸುತ್ತಿದ್ದೆ.

ಜ್ಯೂರಿ ಕೋಣೆಯಲ್ಲಿ ಹದಿನಾಲ್ಕು ಓದಿದೆ,
ಹದಿನೈದು, ಹದಿನಾರು,
ಕನ್ನಡಕ ಒರೆಸಿ ಮೊದಲಿನಿಂದ ಮತ್ತೆ.
ನೋಡಿಯೂ ನೋಡದಂತಿರುವ ವಿಧಾನ
ಯಾವ ಕ್ಲೇಮಿನಲ್ಲೂ ಇರಲಿಲ್ಲ.
ಹಾಗಂತ ಯಾರಿಗೆ ಹೇಳಲಿ?
ಹಾಳೆಯಲ್ಲಿ ಹೌದು, ಇಲ್ಲ, ಎರಡೇ ಚೌಕ.
ಫೋರ್‌ಮನ್ ಗಡಿಯಾರ ನೋಡುತ್ತಿದ್ದ.

ತೀರ್ಪು ಯಾರ ಕಡೆಗೆಂಬುದು ಪೇಪರಿನಲ್ಲಿ ಬಂದಿದೆ.

ಮನೆ ದಾರಿಯಲ್ಲಿ ಹಾಲಿಗೆ ನಿಂತೆ.
ಗಲ್ಲಾದಲ್ಲಿ ಯಾರಿಲ್ಲ; ಕಾರ್ಡು ಉಜ್ಜಿದೆ.
ರಸೀತಿಯ ಬಾಲಕ್ಕೆ ಬೆಸೆದು ಬಂತು ಒಂದು ಚೀಟಿ:
ಮೊಣಕಾಲಿನ ಮುಲಾಮಿಗೆ ಎಪ್ಪತ್ತೈದು ಸೆಂಟು ಕಡಿತ.

ಊಹೆ ಸರಿಯೇ.
ಯಾರಾದರೂ ಕಂಡರೇನೋ ಎಂದು
ಸುತ್ತ ನೋಡಿ, ಮಡಚಿಟ್ಟುಕೊಂಡೆ.