ಹನ್ನೊಂದು ಕ್ಲಿಪ್ಪು

ರಾಜೇಸಾಬ ಕಾಕಾನ ಸ್ಟುಡಿಯೋದಾಗ
ಒಂದು ಮೊಳೆ, ಮೊಳೆಗೆ ಒಂದು ಕರೀ ಕೋಟು.
ಗುಳೇದಗುಡ್ಡದ ಅರ್ಧ ಊರು ಅದನ್ನ ಹಾಕ್ಕೊಂಡೈತಿ,
ಬ್ಯಾಂಕಿನ ಅರ್ಜಿಗೆ, ಹೆಣ್ಣಿನ ಕಡೆಯವರಿಗೆ ಕಳಿಸೂ ಫೋಟೋಕ್ಕ.
ಸಣಕಲ ಹುಡುಗರಿಗೆ ಬೆನ್ನ ಹಿಂದ ಅರಿವಿ ಕ್ಲಿಪ್ಪು ಹಚ್ಚಿ ಬಿಗಿ ಮಾಡೂದು,
ದಪ್ಪನವರಿಗೆ ಗುಂಡಿ ಬಿಟ್ಟು ಎದಿ ತನಕ ಅಷ್ಟ ತಗಿಯೂದು.
ಆರು ವರ್ಷ ನಂದು ಅದ ಕೆಲಸ.
"ಗದ್ದ ಕೆಳಗ. ಕಿವಿ ಕಾಣಲಿ. ನಗಬ್ಯಾಡ್ರಿ."

ರದ್ದಿ ಅಂಗಡಿಯೊಳಗ ಕಿಲೋದ ಲೆಕ್ಕದಾಗ ಫ್ಯಾಷನ್ ಪುಸ್ತಕ ಸಿಗತಿದ್ವು.
ಅದರಾಗಿನ ಹುಡುಗ್ಯಾರೂ ನಗತಿರಲಿಲ್ಲ.
ಯಾರ ಮ್ಯಾಲೋ ಸಿಟ್ಟಾಗಿ
ಯಾಕಂತ ಮರತವರಂಗ ನಿಂತಿರತಿದ್ರು.
ಮೂಗಿನ ನೆಳ್ಳು ಯಾವ ಮಗ್ಗಲಿಗೆ ಬಿದ್ದೈತಿ ನೋಡಿ
ದೀಪ ಎಲ್ಲಿಟ್ಟಿದ್ರು ಅಂತ ಪೆನ್ಸಿಲ್‌ಲೆ ಬಾಣ ಬರೀತಿದ್ದೆ,
ಗಿರಾಕಿ ಇಲ್ಲದ ಮಧ್ಯಾಹ್ನ.

ಕ್ಯಾಮೆರಾ ಹುಬ್ಬಳ್ಳಿಯ ಲಗ್ನದ ಫೋಟೋದವಂದು.
ನಾಕು ಸಾವಿರ ಇನ್ನೂ ಬಾಕಿ.
ಲೆನ್ಸಿನ ಅಂಚಿಗೆ ಬೂಷ್ಟು ಹಿಡಿದಿತ್ತು.
"ಅದರಿಂದ ಮೈಬಣ್ಣ ಮೆತ್ತಗ ಬರತೈತಿ" ಅಂದ.
ನಂಬಿದೆ. ನಂಬದ ಇರಾಕ ನನ್ನ ಹತ್ರ ರೊಕ್ಕ ಇರಲಿಲ್ಲ.

ಮೊದಲ ಕೆಲಸ ಖಣದ ವ್ಯಾಪಾರಿ ತಾರಿವಾಳರದು:
ಇಪ್ಪತ್ನಾಕು ಖಣ, ಫೋನಿನಾಗ ತೋರಿಸಿ ಮಾರಾಕ.
"ಮೊದಲ ಹ್ಯಾಂಗ ಬರತಾವ ನೋಡೂಣು ದಾನೂ,
ನಿಮ್ಮವ್ವಗ ಎರಡು ಖಣ ಒಯ್ಯಿ."

ಮಾಡೆಲ್ ಅಂದ್ರ ನಮ್ಮ ಮಹಾನಂದಾ,
ಹತ್ತನೇತ್ತಾ ತನಕ ನನ್ನ ಬೆಂಚಿನಾಗ ಕೂತಾಕಿ,
ಈಗ ಬಾದಾಮಿ ಡಿಪೋದ ಕಂಡಕ್ಟರ್.
ಎತ್ತರ, ಕತ್ತು ಉದ್ದ.
ವಾರದ ರಜೆ ಬಿಟ್ಟು ಬಂದಳು,
"ಮಿರ್ಚಿ ಭಜಿ ಕೊಡಿಸಿದ್ರ ಸಂಜೀ ತನಕ ನಿಂದರತೀನಿ."

ನೇಕಾರ ನೀಲವ್ವನ ಮಾಳಿಗಿ, ನಾಕೂವರಿ ಬಿಸಲು.
ಕೆಳಗ ಮಗ್ಗದ ಸಪ್ಪಳ.
ಫ್ರಿಜ್ಜಿನ ಡಬ್ಬಿಯ ಥರ್ಮಾಕೋಲ್ ಹಿಡಕೊಂಡು ಅಕ್ಕನ ಮಗ,
ಬೆಳಕಿಗಿಂತ ಹೆಚ್ಚು ಗಾಳಿಪಟದ ಕಡೆ ಅವನ ಲಕ್ಷ.
ಖಣ ಹೊಲಿಯಂಗಿಲ್ಲ, ಹೊಲದ್ರ ಮಾರಾಕ ಬರೂದಿಲ್ಲ.
ಕೋಟಿನ ಕ್ಲಿಪ್ಪು ಪಿಶವಿಯೊಳಗ ತಂದಿದ್ದೆ.
ಮುಂದ ನೋಡಿದ್ರ ಬೆಂಗಳೂರಿನ ಬುಟೀಕು,
ಹಿಂದ ಹನ್ನೊಂದು ಕ್ಲಿಪ್ಪು.

ಎದಿ ಮ್ಯಾಲ ತ್ರಿಕೋನ ಮಡಿಕಿಯ ಗೆರಿ ಎದ್ದು ಕಾಣತಿತ್ತು.
"ಇಸ್ತ್ರಿ ಐತೇನ್ರಿ?" ಅಂದೆ.
ನೀಲವ್ವ ಕಂಡಕಿಯಿಂದ ತಲಿ ಎತ್ತಲಿಲ್ಲ.
"ಆ ಗೆರಿ ಹೋದ್ರ ಅದು ಬರೇ ಅರಿವಿ, ತಂಗಿ."
ಕರೆಂಟೂ ಇರಲಿಲ್ಲ ಅನ್ನೂದು ಬ್ಯಾರೆ ಮಾತು.

ಹೊಡದೆ. ಹದಿನೇಳು ಹೊಡದು ತಿರುಗಿಸಿ ನೋಡಿದೆ:
ಹದಿನೇಳೂ ಪಾಸ್‌ಪೋರ್ಟು.
ಗದ್ದ ಕೆಳಗ, ಕಿವಿ ಕಾಣಸ್ತಾವ,
ಮಹಾನಂದಾ ವೀಸಾ ಕೇಳಾಕ ನಿಂತಂಗ.
ಬಿಸಲು ಟಾಕಿಯ ಹಿಂದ ಇಳಿಯಾಕ ಹತ್ತಿತ್ತು.
ಅಂಗೈ ಬೆವತು ಕ್ಯಾಮೆರಾ ಜಾರತಿತ್ತು.
ಏನು ಹೇಳಬೇಕು ತಿಳೀದ ಹೇಳಿದೆ:
"ಚಿಲ್ಲರ ಇಲ್ಲ."

ಕತ್ತು ನಿಧಾನ ತಿರುಗಿತು.
ಒಂದು ಹುಬ್ಬು.
ಇಡೀ ಬಸ್ಸು ಸುಮ್ಮನಾಗೂ ಆ ನೋಟ,
ಅಡ್ಡ ಬಿಸಲಿಗೆ ಮಡಿಕಿಯ ಗೆರಿ ಗುಡ್ಡದ ಅಂಚಿನಂಗ ಎದ್ದಿತು.
ಆಮ್ಯಾಲ "ಬಾಗಲಕೋಟಿಗೆ ಒಂದು ಅರ್ಧ ಟಿಕೀಟು" ಅಂದೆ,
"ಇವಗ ಐದೂ ತುಂಬಿಲ್ಲ" ಅಂದೆ,
ಬಾಯಿಗೆ ಬಂದ ಸುಳ್ಳೆಲ್ಲಾ ಹೇಳಿದೆ.
ಪ್ರತಿ ಸುಳ್ಳಿಗೂ ಒಂದು ಫೋಟೋ.

ತಾರಿವಾಳರು ಬೆರಳಿಂದ ದೂಡಿ ದೂಡಿ ನೋಡಿದ್ರು.
"ಅರಿವಿ ಚಲೋ ಬಂದೈತಿ. ಹುಡುಗಿ ಯಾಕ ಜಗಳಕ್ಕ ನಿಂತಾಳ?"
ಮೂರು ಇಟ್ಟುಕೊಂಡ್ರು,
ಎಂಟನೂರು ರೂಪಾಯಿ, ಎರಡು ಖಣ.

ಕೋಟಿಗೆ ಕ್ಲಿಪ್ಪು ವಾಪಸ್ ಹಾಕುವಾಗ ಹತ್ತ ಇದ್ವು.
ಮರುದಿನ ಮಹಾನಂದಾನ ಫೋನು,
ಹಿಂದ ಇಂಜಿನ್ನಿನ ಸದ್ದು:
"ಜಡಿಯಾಗ ಸಿಕ್ಕೊಂಡಿತ್ತಲೇ ನಿಂದೊಂದು ಕ್ಲಿಪ್ಪು!
ಎರಡು ಟ್ರಿಪ್ ಹೊಡದೀನಿ, ಒಬ್ಬರೂ ಹೇಳಲಿಲ್ಲ."
"ಯಾಕ ಹೇಳಲಿಲ್ಲಂತ?"
"ಯಾರೋ ಕಾಲೇಜಿನ ಹುಡುಗಿ ಕೇಳಿದ್ಲು,
ಇದೇನ್ರಿ ಅಕ್ಕಾ, ಹೊಸಾ ಫ್ಯಾಷನ್ನಾ ಅಂತ."