ಮೊದಲ ಐವತ್ತು

ಹಟ್ಟಿಯ ಬಿಸಿಲಿಗೆ ಕ್ಯಾಂಪಿನ ತಗಡು
ಟಿಕ್ ಟಿಕ್ ಎನ್ನುವ ಹೊತ್ತು
ಹುಲಿಗೆಪ್ಪಜ್ಜ ಮೊದಲು ಕೇಳಿದ್ದು ಕಾಗದ.
ಲೈಸೆನ್ಸು, ಕ್ಲಬ್ಬಿನ ಪತ್ರ,
ರಾಯಚೂರಿಗೆ ಮೂರು ಸಲ ತಿರುಗಿ ತಂದ ಪರವಾನಗಿ,
ಕನ್ನಡಕ ಒರೆಸಿ ಒಂದೊಂದೇ ಅಕ್ಷರ ಓದಿ
ನನ್ನ ಹೆಸರನ್ನು ನನಗೇ ಕೇಳಿದ:
ಬಸಲಿಂಗಮ್ಮ ಅಂದ್ರ ನೀನೇ ಏನು?
ನಾನೇ. ಸಾಲಿಯ ಪೀಟಿ ಟೀಚರು.
ಹತ್ತು ಮೀಟರು ಬಿಟ್ಟು ಇಪ್ಪತ್ತೈದಕ್ಕೆ ಬಂದವಳು,
ಗುಂಡಿನ ರೇಟು ಕೇಳಿ ಸಂಬಳ ನೆನೆದವಳು.

ಹಂಗಾದ್ರ ತೊಳಿ, ಅಂದ.

ಅಷ್ಟೇ ಪಾಠ, ಮೊದಲ ವಾರ.
ಹಾರಿ ಬಿದ್ದ ಹಿತ್ತಾಳೆಯ ಕೊಳವೆ ಐವತ್ತು,
ಮಸಿ ಮೆತ್ತಿದ ಬಾಯಿ, ಮಣ್ಣು ಕಚ್ಚಿದ ಬುಡ.
ಅವ್ವನ ಭರಣಿಯಿಂದ ಕದ್ದ ಹುಣಸೆ,
ಚಿಟಿಕೆ ಉಪ್ಪು, ಬಿಸಿನೀರು.
ಅಮಾಸಿಗೆ ಮುಂಚೆ ಸಮೆ ತಿಕ್ಕಿದ ಕೈಗೆ
ಇದು ಹೊಸ ವಿದ್ಯೆ ಅನ್ನಿಸಲೇ ಇಲ್ಲ.
ಮೊರದಲ್ಲಿ ಒಣಹಾಕಿದ್ದು ನೋಡಿ ಅವ್ವ,
ಯಾವ ದೇವರ ದೀಪ ಇವು, ಇಷ್ಟು ಸಣ್ಣವು? ಎಂದಳು.
ಹೇಳಿದೆ.
ಹೊಸ ಮೊರಕ್ಕೆ ರೊಕ್ಕ ಕೊಡು ಅಂದಳು.

ಎರಡನೇ ವಾರ ಬೆಳಕಿಗೆ ಹಿಡಿದು ನೋಡುವುದು.
ಕೂದಲೆಳೆಯ ಬಿರುಕು ಏಳರಲ್ಲಿ.
ಅವನ್ನು ಇಕ್ಕಳದಿಂದ ಹಿಚುಕಿ ಡಬ್ಬಿಗೆ ಎಸೆದ,
ಕೈತಪ್ಪಿ ಮತ್ತೆ ಸಾಲಿಗೆ ಬರಬಾರದೆಂದು.
ಬೇರೆ ಏಳು ತಂದೆ. ತೊಳೆದೆ.

ಮೂರನೇ ವಾರ ಫ್ಯಾನು ಬಂದು, ಕಿಟಕಿ ಬಂದು.
ಬೆವರು ಮೂಗಿನ ತುದಿಗೆ ಇಳಿದರೂ
ಕೈಯಾಗಿಂದು ಕೆಳಗಿಟ್ಟು ಆಮ್ಯಾಲೆ ಒರಸ್ಕೋ, ಅಂದ.
ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ.
ಮೂವತ್ತೊಂದು ವರುಷ ಕಲ್ಲಿನ ಪುಡಿಯಲ್ಲಿ
ಬಂಗಾರ ಎಷ್ಟೆಂದು ತೂಗಿದ ಕಣ್ಣು
ಈಗ ನನ್ನ ಬೆರಳ ಮೇಲೆ.
ಒಂದು ಗುಲಗಂಜಿ ಅಂಗೈಗೆ ಇಟ್ಟ:
ಭಾರ ಅನಸ್ತದೇನು?
ಇಲ್ಲ.
ಅನಸೂತನಕ ಮದ್ದಿನ ಡಬ್ಬಿ ಮುಚ್ಚಳ ತಗೀಬ್ಯಾಡ.

ಅನಿಸಿತೋ, ಅನಿಸಿದ ಹಾಗೆ ನಟಿಸಿದೆನೋ,
ನಾಲ್ಕನೇ ಭಾನುವಾರ ಕೂತೆ.
ತೂಗು, ಸುರಿ, ಇಣುಕು. ಸನ್ನೆ ಎಳೆ, ಬಿಡು.
ಕೈಗೆ ತಾಳ ಹತ್ತಿತು, ರೊಟ್ಟಿ ಬಡಿಯುವ ತಾಳ.
ಇಪ್ಪತ್ತು, ಮೂವತ್ತು, ಮೂವತ್ತನಾಲ್ಕು...
ಎರಡರ ಪಾಳಿಯ ಸೈರನ್ನು ಕೂಗಿತು.

ಗಣಿಯೂರಲ್ಲಿ ಹುಟ್ಟಿದವರು ಯಾರೇ ಆಗಲಿ
ಸೈರನ್ನಿಗೆ ತಲೆ ಎತ್ತುತ್ತಾರೆ. ಎತ್ತಿದೆ.
ಅಪ್ಪ ರಿಟೈರಾಗಿ ಆರು ವರುಷ,
ಈಗ ಮನೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ,
ಆದರೂ ಎತ್ತಿದೆ.
ಇಳಿಸಿದಾಗ ಕೈಲಿದ್ದದ್ದು
ಗುಂಡು ಕೂತು ಬಾಯಿ ಮುಚ್ಚಿಕೊಂಡಿತ್ತು.
ತುಂಬಿದ್ದೆನೇ? ಎರಡು ಸಲ ತುಂಬಿದೆನೇ?
ಸಾಲಿನಲ್ಲಿಟ್ಟೆ. ಇನ್ನೂ ಮೂರು ಮಾಡಿದೆ.
ಆಮೇಲೆ ತಡೆಯಲಾಗಲಿಲ್ಲ.

ಅಜ್ಜಾ, ಒಂದು...
ಯಾವುದು?
ಇದರಾಗ ಎಲ್ಲೋ.
ಅವನು ಬೈಯಲಿಲ್ಲ. ಕುರ್ಚಿ ಹತ್ತಿರ ಎಳಕೊಂಡ.
ಎಲ್ಲಾ ಬಿಚ್ಚು.

ಬಿಚ್ಚುತ್ತ ಕೂತಾಗ ಹೇಳಿದ,
ಒಮ್ಮೆ ತಾನೂ ಒಂದು ಸೊನ್ನೆ ಹೆಚ್ಚು ಬರೆದು
ಮೂರು ತಿಂಗಳು ಬರೇ ಕಲ್ಲು ಕಡಿಸಿದ್ದು.
ಆ ಸುರಂಗಕ್ಕೆ ಹುಡುಗರು ಹುಲಿಗೆಪ್ಪನ ಗವಿ ಎಂದು
ಹೆಸರಿಟ್ಟಿದ್ದು.
ಕಲ್ಲಾದ್ರ ಸುಮ್ಮನಿರ್ತದ ತಂಗಿ,
ಇದು ಕೈಯಾಗ ಸಿಡೀತದ.

ಸಂಜೆಯಾಯಿತು. ಮೂವತ್ತೆಂಟೂ ತೂಗಿದೆವು.
ಎಲ್ಲವೂ ಸರಿ ಇದ್ದವು.
ಸುಮ್ಮನೆ ಬಿಚ್ಚಿದೆವಲ್ಲ ಅಜ್ಜಾ ಎಂದೆ.
ಸರಿ ಇದ್ದವು ಅಂತ ಈಗ ಗೊತ್ತಾತು, ಅಂದ.
ಬರೂ ಐತಾರ ಬಾ. ಸೈರನ್ನಿಗಿಂತ ಮೊದಲ ಎದ್ದುಬಿಡು.

ಮನೆಗೆ ಬಂದೆ. ಅವ್ವ ರೊಟ್ಟಿ ಹಾಕುತ್ತ,
ಎಷ್ಟಾದವು? ಎಂದಳು.
ಒಂದೂ ಇಲ್ಲ.
ಒಲೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು,
ಹಂಗಾರ ನನ್ನ ಹುಣಸಿಹಣ್ಣು?