ಸೊನ್ನೆಯಿಂದ ಹತ್ತು

ಗೊಂಡರ್ ಪಟ್ಟಣದಲ್ಲಿ ಹೊತ್ತು ಹುಟ್ಟಿ
ಒಂದು ತಾಸಾದರೆ ಗಂಟೆ ಒಂದು.
ನನ್ನ ಚಾರ್ಟಿನಲ್ಲಿ ಆಗ ಏಳು.
ನೋವು ಬರೆಯುವ ಮೊದಲೇ
ಆರು ಗಂಟೆ ಹೆಚ್ಚುಕಮ್ಮಿ.

ಹೆಸರಿಲ್ಲದ ಸಿರಿಂಜುಗಳು. ಕೆಲವದರಲ್ಲಿ ಟ್ರಮಡಾಲ್,
ಕೆಲವದರಲ್ಲಿ ಡೈಕ್ಲೋಫೆನಾಕ್.
ಯಾರಿಗೆ ಯಾವುದೆಂದು ನನಗೆ ಗೊತ್ತಿಲ್ಲ,
ಗೊತ್ತಿಲ್ಲದಿರುವುದಕ್ಕೇ ನನಗೆ ಸಂಬಳ.
ಕೈಯಲ್ಲಿ ಹತ್ತು ಸೆಂಟಿಮೀಟರಿನ ಪಟ್ಟಿ:
ಈ ತುದಿ ಏನೂ ಇಲ್ಲ,
ಆ ತುದಿ ತಡೆಯಲಾರೆ.

ಬೆನ್ನಿಗೆ ಕೊಟ್ಟ ಮದ್ದು ಇಳಿಯುತ್ತಿದ್ದಂತೆ
ಮೊದಲು ಹೆಬ್ಬೆರಳು ಬರುತ್ತದೆ, ಆಮೇಲೆ ಮೊಣಕಾಲು,
ಎಲ್ಲೋ ಹೋಗಿದ್ದ ಸೊಂಟ.
ಅದರ ಬೆನ್ನಿಗೇ ಹೊಲಿಗೆಯ ಉರಿ,
ಕರೆಯದೆ ಬಂದು ಉಂಡೇ ಹೋಗುವ ನೆಂಟ.

ಎಷ್ಟು ಎಂದೆ ಫಂತಾಯೆಯನ್ನು.
ಮೂರು ಎಂದಳು.
ಹೆಣ್ಣು ಹುಟ್ಟಿತೆಂದು ಹೊರಗೆ ಹೆಂಗಸರು
ಮೂರೇ ಸಲ ನಾಲಿಗೆ ಹೊರಳಿಸಿ ಉಲಿದಿದ್ದರು,
ಗಂಡಾಗಿದ್ದರೆ ಏಳು.
ಅವಳು ಎಣಿಸಿದ್ದು ಯಾವುದನ್ನೋ,
ನಾನು ಬರೆದದ್ದು ಮೂರು.

ಯೆಶಾಲೆಮ್ ಎರಡು ಎಂದಳು, ಅತ್ತೆ ಪಕ್ಕದಲ್ಲಿದ್ದಾಗ.
ಮಂಚದ ಕಂಬಿ ಹಿಡಿದ ಬೆರಳು ಬಿಳಿಚಿತ್ತು.
ಅತ್ತೆ ಗಂಜಿ ತರಲು ಎದ್ದು ಹೋದದ್ದೇ ತಡ,
ಈಗ ಕೇಳು, ಎಂದಳು.
ಕೇಳಿದೆ.
ಎಂಟು.
ಆರನೇ ಗಂಟೆಯ ಮನೆ ತುಂಬಿತ್ತು,
ಹನ್ನೆರಡರದ್ದು ಇನ್ನೂ ದೂರ.
ಹಾಳೆಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಎಂಟು.
ಆಮೇಲೆ ಡಾಕ್ಟರನ್ನು ಎಬ್ಬಿಸಿ ಪೆಥಿಡಿನ್ ಬರೆಸಿಕೊಂಡೆ.
ಅದಕ್ಕೊಂದು ಮನೆಯಿದೆ, ತುಂಬಿದೆ.

ಐಝೋಶ್, ಐಝೋಶ್ ಎನ್ನುತ್ತಾರೆ ಇಲ್ಲಿ
ನೋಯುವ ಹೆಣ್ಣಿಗೆ; ಎದೆಗೆಡಬೇಡ ಅಂತ.
ಕಸಗುಡಿಸುವವಳೂ ಹೇಳುತ್ತಾಳೆ,
ಬಾಗಿಲ ಕಾವಲಿನವನೂ.
ನಾನು ಹೆತ್ತ ವರ್ಷ ಆಸ್ಪತ್ರೆಯಲ್ಲಿ
ದಾಸ್ತಾನಿದ್ದ ಮದ್ದು ಅದೊಂದೇ.
ಈಗಲೂ ಎರಡೂ ಗುಂಪಿಗೆ ಬೀಳುತ್ತಿದೆ, ಅಳತೆಯಿಲ್ಲದೆ.
ಹೇಳಬೇಕೆ ಪ್ರೊಫೆಸರಿಗೆ?
ಹೇಳಲಿಲ್ಲ.

ಇಪ್ಪತ್ತನಾಲ್ಕನೇ ಗಂಟೆ.
ವರ್ಕ್‌ನೇಶ್ ಓದು ಕಲಿತವಳಲ್ಲ.
ಎಲ್ಲಿಯವರೆಗೆ ನೋವು, ತೋರಿಸು, ಎಂದು ಪಟ್ಟಿ ಚಾಚಿದೆ.
ಕಸಿದುಕೊಂಡಳು.
ಹಿಂದೆ ಮುಂದೆ ತಿರುಗಿಸಿ ನೋಡಿದಳು,
ಚಳುಕು ಹೊಡೆದು ಒಮ್ಮೆ ಹಲ್ಲು ಕಚ್ಚಿದಳು,
ಮತ್ತೆ ಶಾಲು ಸರಿಸಿ
ಮಗುವಿನ ಅಂಗಾಲಿಗೆ ಆನಿಸಿ ಹಿಡಿದು
ಹೆಬ್ಬೆರಳ ತುದಿಯ ಗೆರೆಗೆ ಉಗುರೊತ್ತಿ
ಎಷ್ಟಾಯಿತು, ಎಂದಳು.

ಏಳೂವರೆ, ಎಂದೆ.
ಅಷ್ಟೇನಾ, ಎಂದು
ಇನ್ನೊಂದು ಕಾಲು ಎಳೆದುಕೊಂಡಳು.